ಕಾರಿನೊಳಗೊಂದು ಗಾಡಿ

ಮಕ್ಕಳೇ, ಒಂದು ಒಗಟು ಹೇಳುತ್ತೇನೆ. ತಲೆಗೆ ಕುಲಾವಿ ಇದೆ, ಕೂದಲಿಲ್ಲ. ಬೂಟು ಇದೆ, ಕಾಲಿಲ್ಲ. ಹೊಟ್ಟೆಯಲ್ಲಿ ಎಂಬತ್ತು ಕುದುರೆ ಇವೆ, ಒಂದಕ್ಕೂ ಹುಲ್ಲು ಹಾಕಬೇಕಾಗಿಲ್ಲ. ಏನು ಹೇಳಿ?

ಕಾರು! ಅದರ ಮುಂದಿನ ಮುಚ್ಚಳಕ್ಕೆ ಬಾನೆಟ್ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಅದು ಹೆಂಗಸರೂ ಮಕ್ಕಳೂ ಗದ್ದದ ಕೆಳಗೆ ದಾರ ಕಟ್ಟಿ ಹಾಕಿಕೊಳ್ಳುತ್ತಿದ್ದ ಟೋಪಿಯ ಹೆಸರು. ನಮ್ಮ ಕಡೆ ಕೂಸುಗಳಿಗೆ ಕಟ್ಟುವ ಕುಲಾವಿ ಇದೆಯಲ್ಲ, ಅದರ ಅಣ್ಣ ಅನ್ನಿ. ಹಿಂದಿನ ಸಾಮಾನಿನ ಜಾಗಕ್ಕೆ ಬೂಟ್ ಎಂದು ಹೆಸರು. ಕುದುರೆ ಸಾರೋಟು ಹೊಡೆಯುವವರು ಸಾಮಾನು ಇಟ್ಟುಕೊಳ್ಳುತ್ತಿದ್ದ ಪೆಟ್ಟಿಗೆಯನ್ನು ಹಾಗೆ ಕರೆಯುತ್ತಿದ್ದರು. ಕುದುರೆಗಳ ಕಥೆಯನ್ನು ಮುಂದೆ ಹೇಳುತ್ತೇನೆ.

ನಾನು ಎಂಜಿನಿಯರ್ ಅಲ್ಲ. ಬಿಕಾಂ ಓದಿ, ಬ್ಯಾಂಕಿನಲ್ಲಿ 36 ವರ್ಷ ಲೆಡ್ಜರು ಬರೆದು ನಿವೃತ್ತನಾದ ಗುಮಾಸ್ತ. ನನಗೀಗ 74 ವರ್ಷ. ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಆದರೆ ಲೆಕ್ಕ ಬರೆಯುವವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ದುಡ್ಡು ಎಲ್ಲಿಂದ ಬಂತು, ಯಾರ ಖಾತೆಗೆ ಹೋಯಿತು ಎಂದು ನೋಡದೆ ಇರಲಾಗುವುದಿಲ್ಲ. ಆ ಚಟ ನನಗೆ ಪದಗಳ ಮೇಲೂ ಹತ್ತಿತು. ವಾಹನಗಳ ಪದಗಳನ್ನು ಹಿಡಿದು ಹೊರಟರೆ ಸಾಲದ ಮೇಲೆ ಸಾಲ ಕಾಣುತ್ತದೆ. ಕಾರು ಸಾರೋಟಿನಿಂದ ಸಾಲ ತಂದಿದೆ. ಸೈಕಲ್ಲು ಗಾಡಿಯಿಂದ ತಂದಿದೆ. ನಾವು ಎಲ್ಲರಿಂದಲೂ ತಂದಿದ್ದೇವೆ. ಒಳ್ಳೆಯ ಸುದ್ದಿ ಏನೆಂದರೆ, ಪದಗಳ ಸಾಲಕ್ಕೆ ಬಡ್ಡಿ ಇಲ್ಲ, ವಾಪಸು ಕೊಡಬೇಕಾಗಿಯೂ ಇಲ್ಲ.

ಮೊದಲು ಕುದುರೆಗಳ ವಿಷಯ. ಇಂಗ್ಲೆಂಡಿನಲ್ಲಿ ಹಬೆಯ ಯಂತ್ರಗಳು ಬಂದ ಹೊಸತರಲ್ಲಿ ಗಿರಣಿಗಳನ್ನು ಕುದುರೆಗಳೇ ತಿರುಗಿಸುತ್ತಿದ್ದವು. ಜೇಮ್ಸ್ ವ್ಯಾಟ್ ಎಂಬಾತ ತನ್ನ ಯಂತ್ರ ಮಾರಲು ಹೋದರೆ ಗಿರಣಿಯವರು ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ? ವ್ಯಾಟ್ ಲೆಕ್ಕ ಹಾಕಿ ಒಂದು ಕುದುರೆಯ ಶಕ್ತಿ ಇಷ್ಟು ಎಂದು ಗೊತ್ತು ಮಾಡಿದ. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಸುಮಾರು 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತುವಷ್ಟು. ಹೆಚ್ಚೂ ಕಡಿಮೆ ನಿಮ್ಮ ಅಪ್ಪನನ್ನು ಒಂದೇ ಸೆಕೆಂಡಿನಲ್ಲಿ ಮೇಜಿನ ಮೇಲೆ ಎತ್ತಿ ಕೂರಿಸಿದ ಹಾಗೆ! ಅದೇ ಹಾರ್ಸ್ ಪವರ್, ನಮ್ಮ ಪಠ್ಯಪುಸ್ತಕದ ಅಶ್ವಶಕ್ತಿ, ನಮ್ಮ ರೈತರ ಬಾಯಲ್ಲಿ ಹೆಚ್‌ಪಿ. "ಐದು ಹೆಚ್‌ಪಿ ಮೋಟ್ರು ಇಳಿಸಿದ್ದೀನಿ" ಎಂದು ಹೇಳುವ ರೈತ, ಬಾವಿಯೊಳಗೆ ಐದು ಕುದುರೆ ಇಳಿಸಿದ್ದೇನೆ ಎಂದೇ ಹೇಳುತ್ತಿದ್ದಾನೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಮನೆಯ ಬಲ್ಬಿನ ಮೇಲೆ ಬರೆದಿರುವ ವ್ಯಾಟ್ ಇದೆಯಲ್ಲ, ಅದೂ ಅದೇ ಮಹಾರಾಯನ ಹೆಸರು.

ಹೆಚ್‌ಪಿ ಜೊತೆಗೆ ಬೈಕಿನವರು ಹೇಳುವ ಇನ್ನೊಂದು ಮಾತು 'ಸಿಸಿ'. ಎಂಜಿನ್ನಿನ ಕೊಳವೆಯಲ್ಲಿ ಪಿಸ್ಟನ್ ಮೇಲಿಂದ ಕೆಳಕ್ಕೆ ಬರುವಾಗ ಎಷ್ಟು ಜಾಗ ಬಿಡುತ್ತದೆ ಎಂಬುದರ ಅಳತೆ ಅದು. ಸಿಸಿ ಎಂದರೆ ಘನ ಸೆಂಟಿಮೀಟರ್. 100 ಸಿಸಿ ಎಂದರೆ ನಿಮ್ಮ ಅಜ್ಜಿ ಕುಡಿಯುವ ಒಂದು ಪುಟ್ಟ ಲೋಟ ಕಾಫಿಯಷ್ಟು. ಅಷ್ಟರಲ್ಲೇ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಚೀಲ ತರಕಾರಿ ಎಲ್ಲವೂ ಸಂತೆಯಿಂದ ಮನೆಗೆ ಬರುತ್ತವೆ.

ಇನ್ನು ಡ್ಯಾಶ್‌ಬೋರ್ಡ್. ಅಲ್ಲಿ ಈಗ ಸ್ಪೀಡು ತೋರಿಸುವ ಗಡಿಯಾರ, ಹಾಡು ಹೇಳುವ ಪೆಟ್ಟಿಗೆ, ಮೇಲೊಂದು ಗಣಪತಿ. ಸಾರೋಟಿನ ಕಾಲದಲ್ಲಿ ಅದು ಬರೀ ಒಂದು ಹಲಗೆ. ಕುದುರೆ ಓಡುವಾಗ ಗೊರಸಿನಿಂದ ಕೆಸರು ಚಿಮ್ಮಿ, ಕೂತವರ ಮುಖಕ್ಕೆ ಬಡಿಯಬಾರದೆಂದು ಅಡ್ಡ ನಿಲ್ಲಿಸುತ್ತಿದ್ದರು. ಕುದುರೆ ಹೋಯಿತು, ಕೆಸರು ಹೋಯಿತು, ಹಲಗೆಯ ಹೆಸರು ಮಾತ್ರ ಕಾರು ಹತ್ತಿ ಕೂತಿತು. ಷೋಫರ್ ಎನ್ನುವ ಫ್ರೆಂಚ್ ಪದವೂ ಹಾಗೇ. ಅದರ ಅರ್ಥ ಬೆಂಕಿ ಕಾಯಿಸುವವನು. ಹಬೆಯಿಂದ ಓಡುವ ಬಂಡಿಗಳಿದ್ದಾಗ ಮೊದಲು ಒಲೆ ಹೊತ್ತಿಸಿ ನೀರು ಕಾಯಿಸಬೇಕಿತ್ತು. ಈಗ ಎಸಿ ಕಾರಿನಲ್ಲಿ ತಣ್ಣಗೆ ಕೂತವನಿಗೂ ಅದೇ ಹೆಸರು.

ಡಿಕ್ಕಿ ಎಂಬ ಪದ ಕನ್ನಡದ ಮಕ್ಕಳಿಗೆ ಬಲು ತಮಾಷೆ. ಸಾರೋಟಿನ ಹಿಂದೆ ಆಳುಗಳು ಕೂರಲು ಇದ್ದ ಆಸನಕ್ಕೆ ಡಿಕ್ಕಿ ಎನ್ನುತ್ತಿದ್ದರು. ಕಾರಿನಲ್ಲಿ ಆ ಜಾಗ ಸಾಮಾನಿಗಾಯಿತು. ನಮ್ಮಲ್ಲಿ ಮೊದಲೇ ಇನ್ನೊಂದು ಡಿಕ್ಕಿ ಇತ್ತು, ಟಗರು ಹೊಡೆಯುವ ಡಿಕ್ಕಿ. ಹೀಗಾಗಿ "ಲಾರಿ ಡಿಕ್ಕಿ ಹೊಡೆದು ಕಾರಿನ ಡಿಕ್ಕಿ ಜಜ್ಜಿಹೋಯಿತು" ಎಂಬ ವಾಕ್ಯ ಕನ್ನಡದಲ್ಲಿ ಮಾತ್ರ ಸಾಧ್ಯ.

ಬೀದಿಯ ಹೆಸರು ಹೊತ್ತ ಪದವೂ ಒಂದಿದೆ, ಸ್ಟೆಪ್ನಿ. ಮೊದಮೊದಲ ಕಾರುಗಳಲ್ಲಿ ಹೆಚ್ಚುವರಿ ಗಾಲಿ ಇರುತ್ತಿರಲಿಲ್ಲ. ಟೈರು ಪಂಕ್ಚರ್ ಆದರೆ ದಾರಿಯಲ್ಲೇ ಕೂತು ತೇಪೆ ಹಾಕಬೇಕು. ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು 1904ರ ಹೊತ್ತಿಗೆ ಒಂದು ಉಪಾಯ ಮಾಡಿದರು. ಕಡ್ಡಿಗಳಿಲ್ಲದ ಒಂದು ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿ, ಅದನ್ನು ಪಂಕ್ಚರ್ ಆದ ಗಾಲಿಯ ಪಕ್ಕಕ್ಕೇ ಬಿಗಿದುಬಿಡುವುದು. ಅವರ ಕಾರ್ಖಾನೆ ಇದ್ದ ಬೀದಿಯ ಹೆಸರು ಸ್ಟೆಪ್ನಿ ಸ್ಟ್ರೀಟ್. ಆ ಬೀದಿಯ ಹೆಸರೇ ಗಾಲಿಗೂ ಬಂತು. ಇಂಗ್ಲೆಂಡಿನವರು ಆ ಪದವನ್ನು ಮರೆತು 'ಸ್ಪೇರ್ ವೀಲ್' ಎನ್ನತೊಡಗಿದರು. ನಮ್ಮ ಲಾರಿ ಡ್ರೈವರುಗಳು ಮರೆಯಲಿಲ್ಲ. ಇವತ್ತಿಗೂ ಶಿರಾಡಿ ಘಾಟಿಯಲ್ಲಿ ಟೈರು ಒಡೆದರೆ ಕ್ಲೀನರ್ ಹುಡುಗ ಕೂಗುವುದು, "ಅಣ್ಣಾ, ಸ್ಟೆಪ್ನಿ ಇಳಿಸ್ಲಾ?" ಎಂದು. ಅದೇ ಲಾರಿಯ ಕೆಳಗೆ ಬಗ್ಗಿ ನೋಡಿದರೆ, ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ಅವನು ಹೇಳುವ ಹೆಸರು ಕಮಾನು. ಪಾರಸಿಯಲ್ಲಿ ಕಮಾನು ಎಂದರೆ ಬಿಲ್ಲು. ಒಂದೇ ಲಾರಿಯಲ್ಲಿ ವೇಲ್ಸಿನ ಬೀದಿ, ಪರ್ಷಿಯಾದ ಬಿಲ್ಲು! ಟ್ಯಾಂಕಿನಲ್ಲಿ ತುಂಬಿಸುವ ಡೀಸೆಲ್ ಕೂಡ ಒಬ್ಬ ಮನುಷ್ಯನ ಹೆಸರು. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಅವನ ಮಾದರಿಯ ಒಂದು ಎಂಜಿನ್ ಓಡಿದ್ದು ಕಡಲೆಕಾಯಿ ಎಣ್ಣೆಯಲ್ಲಿ!

ಇಷ್ಟೆಲ್ಲ ಹುಡುಕುವ ಹುಚ್ಚು ನನಗೆ ಹತ್ತಿಸಿದ್ದು ಒಂದು ಸೈಕಲ್ ಶಾಪು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮ ಶಾಖೆ. ಎದುರಿಗೆ ಹುಣಸೆಮರ, ಮರದ ಕೆಳಗೆ ಶಾಪು. ಅದರ ಯಜಮಾನರನ್ನು ಊರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಬಾಡಿಗೆ ಸೈಕಲ್ಲಿಗೆ ಗಂಟೆಗೆ 25 ಪೈಸೆ ಇದ್ದ ಕಾಲ. ಮೇಸ್ತ್ರಿಗೆ ಓದು ಬರಹ ಇರಲಿಲ್ಲ. ನಮ್ಮಲ್ಲಿ ಅವರದೊಂದು ಉಳಿತಾಯ ಖಾತೆ, ಹೆಬ್ಬೆಟ್ಟಿನ ಸಹಿ. ಅವರು ಬಂದರೆ ಇಂಕ್ ಪ್ಯಾಡು ಬೇಕಾಗಿಯೇ ಇರಲಿಲ್ಲ, ಗ್ರೀಸು ಹತ್ತಿದ ಹೆಬ್ಬೆಟ್ಟು ಒತ್ತಿದರೆ ಸಾಕು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆದರೆ ಆ ಬಾಯಲ್ಲಿದ್ದ ಪದಗಳು ನಮ್ಮ ಮ್ಯಾನೇಜರ ಬಾಯಲ್ಲೂ ಇರಲಿಲ್ಲ. ಹಬ್ಬು, ಕಾಟರ್ ಪಿನ್ನು, ಕೋನು, ಫ್ರೀವೀಲು, ವಾಲ್‌ಟ್ಯೂಬು. ಅವರು ಒಂದೊಂದನ್ನೂ ಮಗುವಿನ ಹೆಸರು ಕರೆದ ಹಾಗೆ ಕರೆಯುತ್ತಿದ್ದರು.

ಸೈಕಲ್ಲನ್ನು ಪೂರ್ತಿ ಬಿಚ್ಚಿ, ಬಾಲ್ಸುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸುವ ಕೆಲಸಕ್ಕೆ ಮೇಸ್ತ್ರಿ 'ಓವರಾಯ್ಲಿಂಗು' ಎನ್ನುತ್ತಿದ್ದರು. ಹೊಸದಾಗಿ ವರ್ಗವಾಗಿ ಬಂದ ಮ್ಯಾನೇಜರು ಒಮ್ಮೆ, "ಮೇಸ್ತ್ರಿಗಳೇ, ಅದು ಆಯಿಲಿಂಗ್ ಅಲ್ಲ, ಓವರ್ ಹಾಲಿಂಗ್" ಎಂದು ತಿದ್ದಿದರು. ಮೇಸ್ತ್ರಿ ತಲೆ ಎತ್ತದೆ ಹೇಳಿದರು: "ಇರಬೋದು ಸಾರ್. ಆದ್ರೆ ನಾನು ಆಯಿಲೇ ಹಾಕದು. ಹಾಲು ಹಾಕಿದ್ರೆ ತುಕ್ಕು ಹಿಡೀತದೆ."

ಮ್ಯಾನೇಜರು ಹೇಳಿದ್ದು ಪುಸ್ತಕದ ಪದ. ಅದು ಹಡಗಿನವರಿಂದ ಬಂದದ್ದು, ಹಗ್ಗಗಳನ್ನು ಎಳೆದು ಸಡಿಲಿಸಿ ಪರೀಕ್ಷಿಸುವ ಕೆಲಸದ ಹೆಸರು. ಸಮುದ್ರವನ್ನೇ ಕಾಣದ ಮೇಸ್ತ್ರಿಗೆ ಹಗ್ಗದಿಂದ ಏನಾಗಬೇಕು? ಅವರ ಕೆಲಸದಲ್ಲಿ ಕಾಣುವುದು ಎಣ್ಣೆ. ಹೀಗೆ ಹಡಗಿನ ಪದ ಹುಣಸೆಮರದ ಕೆಳಗೆ ಎಣ್ಣೆ ಕುಡಿದು ನಮ್ಮದಾಯಿತು. ಮಡ್‌ಗಾರ್ಡ್ ನಮ್ಮೂರಲ್ಲಿ ಮಡ್ಗಾಡು ಆಯಿತು, ಪಂಕ್ಚರ್ ಪಂಚರ್ ಆಯಿತು. ಎತ್ತರದ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಹೊಡೆಯುವುದಕ್ಕೆ ಹುಡುಗರೇ 'ಒಳಪೆಡ್ಲು' ಎಂದು ಹೆಸರಿಟ್ಟುಕೊಂಡರು. ನಿಮ್ಮ ಮನೆಯ ಅಜ್ಜಂದಿರ ಮೊಣಕಾಲನ್ನು ನೋಡಿ. ಒಳಪೆಡ್ಲಿನ ಗುರುತು ಒಂದಾದರೂ ಇರುತ್ತದೆ.

ಸೈಕಲ್ಲಿನ ಹಿಂದಿನ ಕಥೆ ಬ್ಯಾಂಕಿನವನಿಗೆ ಇನ್ನೂ ಇಷ್ಟ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಬಂಡಿಗೆ ಎರಡು ಗಾಲಿ ಇದ್ದವು, ಪೆಡಲ್ ಇರಲಿಲ್ಲ. ಕಾಲಿನಿಂದ ನೆಲ ಒದೆಯುತ್ತ ಹೋಗಬೇಕು. ಆಮೇಲೆ ಮುಂದಿನ ಗಾಲಿಗೇ ಪೆಡಲ್ ಬಂತು. ಒಂದು ಸಲ ತುಳಿದರೆ ಗಾಲಿ ಒಂದೇ ಸುತ್ತು. ಬೇಗ ಹೋಗಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು. ಮಾಡಿದರು, ಎದೆಯೆತ್ತರದ ಗಾಲಿ! ಹಿಂದೆ ಮಾತ್ರ ಒಂದು ಪುಟ್ಟದು. ಜನ ಅದಕ್ಕೆ ಪೆನ್ನಿ ಫಾರ್ದಿಂಗ್ ಎಂದು ಹೆಸರಿಟ್ಟರು. ಪೆನ್ನಿ ದೊಡ್ಡ ನಾಣ್ಯ, ಫಾರ್ದಿಂಗ್ ಅದರ ಕಾಲುಭಾಗದ ಬೆಲೆಯ ಪುಟ್ಟ ನಾಣ್ಯ. ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿದ ಹಾಗೆ ಕಾಣುತ್ತಿತ್ತು. ಮೇಲಿಂದ ಬಿದ್ದರೆ ಹಲ್ಲು ಉಳಿಯುತ್ತಿರಲಿಲ್ಲ.

ಆ ತೊಂದರೆ ಬಿಡಿಸಿದ್ದು ಚೈನು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿನಲ್ಲಿ ಚೈನು ಹಿಂದಿನ ಗಾಲಿಯನ್ನು ಎಳೆಯಿತು. ಪೆಡಲಿನ ಹತ್ತಿರದ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 16 ಇದ್ದರೆ, ಒಂದು ಸುತ್ತು ತುಳಿದಾಗ ಗಾಲಿ ಮೂರು ಸುತ್ತು ತಿರುಗುತ್ತದೆ. ಭಾಗಾಕಾರ ಬರುತ್ತದಲ್ಲ, ನಿಮ್ಮ ಸೈಕಲ್ಲಿನ ಹಲ್ಲುಗಳನ್ನು ಎಣಿಸಿ ನೋಡಿ. ಇನ್ನೊಬ್ಬ ಅಪ್ಪನಿಗೂ ನಾವು ನಮಸ್ಕಾರ ಹೇಳಬೇಕು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ ತನ್ನ ಪುಟ್ಟ ಮಗನ ಮೂರುಗಾಲಿ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕುವುದನ್ನು ತಪ್ಪಿಸಲು ರಬ್ಬರ್ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. ಅದಕ್ಕೆ 1888ರಲ್ಲಿ ಪೇಟೆಂಟ್ ಪಡೆದ. ನಲವತ್ತು ವರ್ಷ ಮೊದಲೇ ರಾಬರ್ಟ್ ಥಾಮ್ಸನ್ ಎಂಬಾತ ಗಾಳಿಯ ಟೈರು ಮಾಡಿದ್ದ. ಆಗ ಅದನ್ನು ಹಾಕಿಕೊಳ್ಳಲು ಸೈಕಲ್ಲೇ ಇರಲಿಲ್ಲ!

ಆದರೆ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದು. ಸೈಕಲ್ ಎಂಬ ಪದ ಗ್ರೀಕಿನ 'ಕುಕ್ಲೋಸ್' ಎಂಬುದರಿಂದ ಬಂದದ್ದು. ಅದರ ಅರ್ಥ ಚಕ್ರ. ಆ ಕುಕ್ಲೋಸ್, ಸಂಸ್ಕೃತದ ಚಕ್ರ, ಇಂಗ್ಲಿಷಿನ ವೀಲ್ ಮೂರೂ ಒಂದೇ ಬೇರಿನ ಚಿಗುರುಗಳೆಂದು ಭಾಷೆ ಬಲ್ಲವರು ಹೇಳುತ್ತಾರೆ. ಪೆಡಲ್ ಮತ್ತು ಪಾದ ಹಾಗೇ ದಾಯಾದಿಗಳು. ಆಕ್ಸಲ್ ಮತ್ತು ಅಕ್ಷವೂ ಅಷ್ಟೇ. ಅಕ್ಷವೇ ನಮ್ಮ ಗಾಡಿಯ 'ಅಚ್ಚು' ಆದದ್ದು. ನಾವು ದೂರದ ಬ್ಯಾಂಕಿನಿಂದ ಸಾಲ ತಂದೆವು ಎಂದುಕೊಂಡರೆ, ಕೊಟ್ಟವನು ನಮ್ಮ ದೊಡ್ಡಪ್ಪನ ಮಗನೇ ಆಗಿದ್ದ!

ಮೇಸ್ತ್ರಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. "ಗಾಲಿ ಅಂದ್ರೆ ಗಾಲಿ ಸಾರ್, ಯಾವ ಊರಲ್ಲಾದ್ರೂ ದುಂಡಗೇ ಇರ್ತದೆ" ಎಂದರು. ನಾನು ನಿವೃತ್ತನಾದ ಮೇಲೆ ಅವರ ಶಾಪೂ ಮುಚ್ಚಿತು. ಮಗ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಇಟ್ಟ. ಮೇಸ್ತ್ರಿ ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಒಂದು ಹಳೆಯ ರೂಲ್ ಪುಸ್ತಕ ತೆಗೆದುಕೊಂಡು ವಾರಕ್ಕೊಮ್ಮೆ ಹೋಗಿ ಅವರ ಪದಗಳನ್ನು ಬರೆದುಕೊಳ್ಳತೊಡಗಿದೆ. "ಬರ್ಕಂಡು ಏನ್ ಮಾಡ್ತೀರಿ ಸಾರ್, ಬಡ್ಡಿ ಬರ್ತದಾ?" ಎಂದು ನಗುತ್ತಿದ್ದರು. ಆದರೆ ಹೋಗುವುದು ತಡವಾದರೆ ಮಗನ ಕೈಲಿ ಫೋನು ಮಾಡಿಸುತ್ತಿದ್ದರು. 72 ಪದಗಳಾದವು. ಅವರ ತಂದೆ ಎತ್ತಿನ ಗಾಡಿ ಮಾಡುವ ಬಡಗಿ. "ಗಾಡಿದು ಬೇರೆ ಐತೆ ಸಾರ್, ಅದಕ್ಕೆ ಒಂದು ಹಾಳೆ ಬಿಡಿ, ಮುಂದಿನ ವಾರ ಹೇಳ್ತೀನಿ" ಎಂದರು. ನಾನು 'ಗಾಡಿ' ಎಂದು ತಲೆಬರಹ ಬರೆದು, ಒಂದರಿಂದ ಹನ್ನೆರಡರವರೆಗೆ ಅಂಕಿ ಹಾಕಿ ಬಂದೆ. ಆ ಮುಂದಿನ ವಾರ ಬರಲಿಲ್ಲ. ಭಾನುವಾರ ಬೆಳಗಿನ ಜಾವ ಮೇಸ್ತ್ರಿ ತೀರಿಕೊಂಡರು.

ಬ್ಯಾಂಕಿನಲ್ಲಿ ಖಾತೆದಾರರು ಹೋದರೆ ವಾರಸುದಾರರು ಬರುತ್ತಾರೆ, ಫಾರಂ ತುಂಬುತ್ತಾರೆ, ದುಡ್ಡು ಸೇರಬೇಕಾದವರಿಗೆ ಸೇರುತ್ತದೆ. ಪದಗಳಿಗೆ ಅಂಥ ಫಾರಂ ಇಲ್ಲ. ಬದುಕಿರುವಾಗಲೇ ಬಾಯಿಂದ ಕಿವಿಗೆ ವರ್ಗವಾಗಬೇಕು. ಮೇಸ್ತ್ರಿಯ ಮಗನನ್ನು ಕೇಳಿದೆ. "ಅಪ್ಪನಿಗೆ ಗೊತ್ತಿತ್ತು ಸಾರ್" ಎಂದಷ್ಟೇ ಹೇಳಿ ಸುಮ್ಮನಾದ.

ಕೊನೆಗೆ ಊರಿಗೆ ಹೋಗಿ ನಮ್ಮಕ್ಕನ ಮುಂದೆ ಪುಸ್ತಕ ಬಿಡಿಸಿದೆ. ಅವಳಿಗೆ 83. ಬೆಳಿಗ್ಗೆ ಏನು ತಿಂದೆ ಎಂಬುದು ನೆನಪಿರುವುದಿಲ್ಲ. ಗಾಡಿ ಅಂದದ್ದೇ ತಡ, ಬೆರಳು ಮಡಚಿ ಎಣಿಸಿದಳು. ಎತ್ತಿನ ಹೆಗಲ ಮೇಲೆ ನೊಗ. ನೊಗದಿಂದ ಹಿಂದಕ್ಕೆ ಬರುವ ಉದ್ದನೆಯ ಮರ ಮೂಕಿ. ಎರಡು ಗಾಲಿ ಸೇರಿಸುವ ಅಚ್ಚು. ಗಾಲಿಯ ನಡುವಿನ ದಪ್ಪ ಮರ ಗುಂಬ, ಸೈಕಲ್ಲಿನವರ ಹಬ್ಬು. ಗುಂಬದಿಂದ ಹೊರಟ ಅರೆಕಾಲುಗಳು, ಸೈಕಲ್ಲಿನ ಕಡ್ಡಿಗಳು. ಸುತ್ತ ಕಬ್ಬಿಣದ ಪಟ್ಟಾ. ಅಚ್ಚಿಗೆ ಹಚ್ಚುವುದು ಕೀಲೆಣ್ಣೆ, ಅದನ್ನು ತುಂಬಿ ಗಾಡಿಯ ಕೆಳಗೆ ನೇತುಹಾಕುವುದು ಬಿದಿರಿನ ಗೊಟ್ಟ. ಮೇಸ್ತ್ರಿಯ ಓವರಾಯ್ಲಿಂಗಿಗೆ ಇದೇ ಅಜ್ಜ! ಗಾಲಿ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಹಾಕುವ ಬೆರಳುದ್ದದ ಕೀಲು ಕಡಾಣಿ. ಹಳೆಯ ಕನ್ನಡದಲ್ಲಿ ಅದೇ ಕಡೆಗೀಲು. ದೇವರ ದಾಸಿಮಯ್ಯನ ಒಂದು ವಚನದಲ್ಲೂ ಅದು ಬರುತ್ತದೆ. ಇಡೀ ಬಂಡಿ ಆ ಪುಟ್ಟ ಕೀಲಿನ ಮೇಲೆ ನಿಂತಿದೆ ಎಂಬುದು ದಾಸಿಮಯ್ಯನಿಗೂ ಗೊತ್ತಿತ್ತು, ನಮ್ಮಕ್ಕನಿಗೂ ಗೊತ್ತಿತ್ತು.

ಪಟ್ಟಾ ಹಾಕುವುದನ್ನು ಅವಳು ಕಣ್ಣಿಗೆ ಕಟ್ಟಿದ ಹಾಗೆ ಹೇಳಿದಳು. ಕಬ್ಬಿಣದ ಬಳೆ ಮರದ ಗಾಲಿಗಿಂತ ಒಂಚೂರು ಚಿಕ್ಕದು. ಅದನ್ನು ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಗಾಲಿಗೆ ತೊಡಿಸಿ, ಮೇಲೆ ನೀರು ಸುರಿಯುತ್ತಾರೆ. ಬುಸ್ಸೆಂದು ಹಬೆ ಏಳುತ್ತದೆ, ಕಬ್ಬಿಣ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. "ಮೊಳೆ ಗಿಳೆ ಏನೂ ಬೇಡ ಕಣೋ" ಎಂದಳು. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಲೋಹಗಳ ಹಿಗ್ಗುವಿಕೆ ಎಂಬ ಪಾಠವಿದೆಯಲ್ಲ, ಅದು ಇದೇ. ಹಾಗೆಯೇ ಇಂಗ್ಲಿಷಿನ ಟೈರ್ ಎಂಬ ಪದ ಮೊದಲು ಇಂಥ ಕಬ್ಬಿಣದ ಬಳೆಗೇ ಇದ್ದದ್ದು. ಅದು 'ಉಡುಪು' ಎಂಬ ಅರ್ಥದ ಪದದಿಂದ ಬಂದಿರಬೇಕೆಂದು ನಿಘಂಟುಗಳು ಹೇಳುತ್ತವೆ. ಗಾಲಿಗೆ ತೊಡಿಸಿದ ಬಟ್ಟೆ!

ಹೋದ ದಸರಾ ರಜೆಯಲ್ಲಿ ಹೆದ್ದಾರಿಯ ಒಂದು ಹೋಟೆಲಿನ ಮುಂದೆ ಅಲಂಕಾರಕ್ಕೆಂದು ಗಾಡಿಯ ಗಾಲಿಯೊಂದನ್ನು ಬಣ್ಣ ಬಳಿದು ನಿಲ್ಲಿಸಿದ್ದರು. ನನ್ನ ಮೊಮ್ಮಗ ಆರನೇ ಕ್ಲಾಸು. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಅವನು ಹತ್ತಿರ ಹೋಗಿ ಕೈಯಿಟ್ಟು, "ತಾತ, ಇದು ಗುಂಬ, ಇದು ಅರೆಕಾಲು, ಇದು ಪಟ್ಟಾ" ಎಂದ. ಆಮೇಲೆ ಅಚ್ಚು ಇರಬೇಕಾದ ತೂತಿನೊಳಗೆ ಇಣುಕಿ, "ಕಡಾಣಿ ಎಲ್ಲಿ?" ಎಂದು ಕೇಳಿದ. ಪಕ್ಕದಲ್ಲಿ ಹೂಕುಂಡಕ್ಕೆ ನೀರು ಹಾಕುತ್ತಿದ್ದ ವಯಸ್ಸಾದ ಮಾಲಿ ಪೈಪು ಕೆಳಗಿಟ್ಟು ನೋಡಿದರು. "ಯಾವೂರು ಮರಿ ನಿಂದು?" ಎಂದು ಕೇಳಿ, ಅವನ ತಲೆ ಸವರಿದರು.

ಇವನ ಅಪ್ಪ ಈಗ ಕರೆಂಟಿನ ಕಾರು ಕೊಂಡಿದ್ದಾನೆ. ಅದರಲ್ಲಿ ಕ್ಲಚ್ ಇಲ್ಲ, ಗೇರು ಬದಲಿಸುವುದಿಲ್ಲ, ಹೊಗೆಯ ಕೊಳವೆ ಇಲ್ಲ. ರಾತ್ರಿ ಫೋನಿನ ಹಾಗೆ ಚಾರ್ಜಿಗೆ ಹಾಕುತ್ತಾರೆ. "ತಾತ, ಇದರಲ್ಲಿ ನಿಮ್ಮ ಹಳೆಯ ಪದ ಒಂದೂ ಇಲ್ಲ" ಎಂದು ಮೊಮ್ಮಗ ಸವಾಲು ಹಾಕಿದ. ನಾನು ನಿಘಂಟು ತೆಗೆದೆ. ಚಾರ್ಜ್ ಎಂಬ ಪದದ ಹುಟ್ಟು ಲ್ಯಾಟಿನ್ ಭಾಷೆಯಲ್ಲಿ. ಮೂಲ ಅರ್ಥ ಗಾಡಿಗೆ ಹೇರು ಹೇರುವುದು. ಅಲ್ಲಿ ಗಾಡಿಗೆ 'ಕರ್ರುಸ್' ಎನ್ನುತ್ತಿದ್ದರು. ಕಾರ್ ಎಂಬ ಪದವೂ ಅದರಿಂದಲೇ ಬಂದದ್ದು. ಮನೆಯ ಮುಂದೆ ಸದ್ದಿಲ್ಲದೆ ಚಾರ್ಜಾಗುತ್ತ ನಿಂತ ಆ ಹೊಸ ಕಾರು, ಹೆಸರಿನ ಮಟ್ಟಿಗೆ, ಹೇರು ಹೇರಿಸಿಕೊಳ್ಳುತ್ತಿರುವ ಗಾಡಿಯೇ! ಅವನು ಪುಸ್ತಕ ಕಸಿದುಕೊಂಡು ಚಾರ್ಜ್ ಎಂಬುದನ್ನು ತಾನೇ ಬರೆದ, 85ನೇ ಪದವಾಗಿ.

ಈಗ ನಿಮಗೊಂದು ಕೆಲಸ. ಮಕ್ಕಳೇ, ಈ ಭಾನುವಾರ ಒಂದು ಪುಸ್ತಕ, ಪೆನ್ನು ಹಿಡಿದು ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. ಗಾಡಿಯೇ ಆಗಬೇಕೆಂದಿಲ್ಲ. ದೋಣಿ, ಜಟಕಾ, ಲಾರಿ, ಹೊಲಿಗೆ ಯಂತ್ರ ಯಾವುದಾದರೂ ಸರಿ. ಅದರ ಭಾಗಗಳ ಹೆಸರು ಕೇಳಿ, ಬರೆದುಕೊಳ್ಳಿ. ಅಜ್ಜ ಅಜ್ಜಿಯರೇ, "ಮುಂದಿನ ವಾರ ಹೇಳ್ತೀನಿ" ಎನ್ನಬೇಡಿ. ಅದೇ ದಿನ ಹೇಳಿಬಿಡಿ.